ಕೊಸರು ಕೊಡುವ ಕಂಪ್ಯೂಟರ್



ಸಂತೆಯಲ್ಲಿ ತರಕಾರಿ ಕೊಳ್ಳುವಾಗ ನಿಮ್ಮ ಅವ್ವ ಏನು ಮಾಡುತ್ತಾಳೆ ಎಂದು ಗಮನಿಸಿದ್ದೀರಾ? ತಕ್ಕಡಿ ಸರಿಯಾಗಿ ತೂಗಿದ ಮೇಲೂ "ಇನ್ನೊಂದೆರಡ ಹಾಕಬೇ" ಎನ್ನುತ್ತಾಳೆ. ಮಾರುವಾಕೆ ನಕ್ಕು ಎರಡು ಬದನೆಕಾಯಿ ಹೆಚ್ಚಿಗೆ ಹಾಕುತ್ತಾಳೆ. ಸವಣೂರಿನ ವೀಳ್ಯದೆಲೆ ಮಾರುವ ಅಜ್ಜಿ ಎಲೆ ಎಣಿಸಿ ಕೊಟ್ಟ ಮೇಲೆ ನಾಲ್ಕು ಎಲೆ ಮೇಲಿಡುತ್ತಾಳೆ. ಹಾನಗಲ್ಲಿನ ಮಾವಿನಹಣ್ಣಿನವನು ಡಜನ್ನಿಗೆ ಒಂದು ಹಣ್ಣು ಹೆಚ್ಚು ಕೊಡುತ್ತಾನೆ. ಇದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಕೊಸರು.

ಈಗ ನಮ್ಮ ತಾಲ್ಲೂಕು ಊರುಗಳಲ್ಲೂ ಹೊಸ ಬಗೆಯ ಅಂಗಡಿಗಳು ಬಂದಿವೆ. ಅಲ್ಲಿ ನಾವೇ ಬುಟ್ಟಿ ಹಿಡಿದು ಸಾಮಾನು ಆರಿಸಿಕೊಳ್ಳುತ್ತೇವೆ. ಬಾಗಿಲ ಬಳಿ ಕುಳಿತವರು ಒಂದೊಂದೇ ಪೊಟ್ಟಣವನ್ನು ಯಂತ್ರದ ಮುಂದೆ ಹಿಡಿಯುತ್ತಾರೆ. 'ಪೀಂ' ಎಂಬ ಸದ್ದಾಗುತ್ತದೆ. ಬಿಲ್ ಬರುತ್ತದೆ. ಅದರಲ್ಲಿ ರಿಯಾಯಿತಿಯೂ ತಾನಾಗಿಯೇ ಕಳೆದಿರುತ್ತದೆ. ಹಾಗಾದರೆ ಕಂಪ್ಯೂಟರ್ ಕೂಡ ಕೊಸರು ಕೊಡುತ್ತದೆಯೇ? ಕೊಡುತ್ತದೆ. ಆದರೆ ಅದು ಕೊಡುವ ರೀತಿ ಬೇರೆ. ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಒಬ್ಬ ಏಳನೇ ತರಗತಿಯ ಹುಡುಗನಿಂದ. ಕಲಿಯುವ ಮೊದಲು ನಾನೊಂದು ತಪ್ಪನ್ನೂ ಮಾಡಿದೆ. ಅದನ್ನೇ ನಿಮಗೆ ಹೇಳಬೇಕೆಂದು ಬರೆಯುತ್ತಿದ್ದೇನೆ.

ನಾಲ್ಕು ರೂಪಾಯಿ ಚಿಲ್ಲರೆ

ನನ್ನ ಕೆಲಸ ಶಾಲೆಯಿಂದ ಶಾಲೆಗೆ ಹೋಗಿ ವಿಜ್ಞಾನದ ಪ್ರಯೋಗಗಳನ್ನು ಮಾಡಿಸುವುದು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳಲ್ಲಿ ನನ್ನ ತಿರುಗಾಟ ಹೆಚ್ಚು. 2018ರ ನವೆಂಬರ್ ತಿಂಗಳಲ್ಲಿ ಇವುಗಳಲ್ಲೊಂದು ತಾಲ್ಲೂಕಿನ ಶಾಲೆಯಲ್ಲಿ ಎರಡು ದಿನದ ಪ್ರಯೋಗ ಶಿಬಿರ ಇತ್ತು. ಯಾವ ಊರು ಎಂದು ಹೇಳುವುದಿಲ್ಲ. ಏಕೆಂದರೆ ಈ ಕಥೆ ಯಾವ ಊರಿನಲ್ಲಾದರೂ ನಡೆಯಬಹುದು.

ಸೋಪಿನ ಗುಳ್ಳೆಯ ಪ್ರಯೋಗಕ್ಕೆ ಸಾಮಾನು ಬೇಕಾಗಿತ್ತು. ಚುರುಕಾದ ಒಬ್ಬ ಹುಡುಗನ ಕೈಗೆ 200 ರೂಪಾಯಿ ಕೊಟ್ಟು ಕಳಿಸಿದೆ. ಮೂರು ಸೋಪು, ಒಂದು ಕಟ್ಟು ಕಾಗದದ ಲೋಟ, ಒಂದು ಪೊಟ್ಟಣ ಬಟ್ಟೆ ತೊಳೆಯುವ ಪುಡಿ ತರಬೇಕಾಗಿತ್ತು. ಅಂಗಡಿಯ ಮುಂದಿನ ಬೋರ್ಡನ್ನು ನಾನು ಬೆಳಿಗ್ಗೆಯೇ ನೋಡಿದ್ದೆ: 'ಯಾವುದೇ ಎರಡು ಸೋಪು ಕೊಂಡರೆ ಒಂದು ಉಚಿತ'. ಸೋಪಿನ ಬೆಲೆ 32 ರೂಪಾಯಿ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎರಡು ಸೋಪಿಗೆ 64, ಲೋಟಕ್ಕೆ 45, ಪುಡಿಗೆ 55, ಒಟ್ಟು 164. ಉಳಿಯುವುದು 36 ರೂಪಾಯಿ.

ಹುಡುಗ ಮರಳಿ ಬಂದ. ನನ್ನ ಕೈಗೆ ನಾಲ್ಕು ರೂಪಾಯಿ ಇಟ್ಟ.

"ಉಳಿದ ರೊಕ್ಕ ಎಲ್ಲಿ?" ಎಂದೆ.

"ಇಷ್ಟ ಕೊಟ್ಟಾರ್ರೀ ಸರ್ರ" ಎಂದ. ಜೊತೆಗೆ ಒಂದು ಚೀಟಿಯನ್ನೂ ಚಾಚಿದ. ನಾನು ಅದನ್ನು ಓದದೆ ಕಿಸೆಗೆ ಹಾಕಿಕೊಂಡೆ. "ದಾರ್ಯಾಗ ಏನರ ತಿಂದಿಯೇನು? ಖರೆ ಹೇಳು" ಎಂದೆ. ತರಗತಿಯ ಮೂವತ್ತು ಮಕ್ಕಳು ನೋಡುತ್ತಿದ್ದರು. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಹುಡುಗ ಮತ್ತೆ ಮಾತಾಡಲಿಲ್ಲ. ಅಂದು ಸೋಪಿನ ಗುಳ್ಳೆಗಳು ಚೆನ್ನಾಗಿ ಹಾರಿದವು. ಅವನು ಮಾತ್ರ ಒಂದನ್ನೂ ಊದಲಿಲ್ಲ.

ಸಂಜೆ ಬಸ್ಸಿನಲ್ಲಿ ಟಿಕೆಟ್ಟಿಗಾಗಿ ಕಿಸೆಗೆ ಕೈ ಹಾಕಿದಾಗ ಆ ಚೀಟಿ ಸಿಕ್ಕಿತು. ಅದು ಅಂಗಡಿಯ ಬಿಲ್. ಇಂಗ್ಲಿಷಿನಲ್ಲಿತ್ತು. ಓದಿದೆ. ಬಿಳಿ ಸೋಪು 2, ಬೆಲೆ 64. ಹಸಿರು ಸೋಪು 1, ಬೆಲೆ 32. ಲೋಟ 45. ಪುಡಿ 55. ಒಟ್ಟು 196 ರೂಪಾಯಿ. ರಿಯಾಯಿತಿ ಎಂಬ ಸಾಲಿನಲ್ಲಿ ಸೊನ್ನೆ.

ಹುಡುಗ ಹೇಳಿದ್ದು ನಿಜವಾಗಿತ್ತು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಊರೂರು ತಿರುಗಿ "ಪುರಾವೆ ನೋಡದೆ ತೀರ್ಮಾನಕ್ಕೆ ಬರಬೇಡಿ" ಎಂದು ಮಕ್ಕಳಿಗೆ ಹೇಳುವ ನಾನು, ಕೈಗೆ ಬಂದ ನಾಲ್ಕು ಸಾಲಿನ ಪುರಾವೆಯನ್ನು ಓದಿರಲಿಲ್ಲ.

ಮರುದಿನ ಬೆಳಿಗ್ಗೆ ಶಾಲೆಗೆ ಹೋದಾಗ ಗೇಟಿನ ಬಳಿ ಆ ಹುಡುಗ ಮತ್ತು ಅವನ ತಾಯಿ ನಿಂತಿದ್ದರು. ಆಕೆ ಹೊಲದ ಕೂಲಿಗೆ ಹೊರಟವರು. ಸೆರಗಿನ ಗಂಟು ಬಿಚ್ಚಿ 32 ರೂಪಾಯಿ ಎಣಿಸಿ ನನ್ನ ಮುಂದೆ ಹಿಡಿದರು. "ಕಡಿಮಿ ಬಿದ್ದದ್ದ ನಾ ತುಂಬ್ತೀನ್ರೀ ಸರ್. ಆದ್ರ ನಮ್ಮ ಹುಡುಗ ಮಂದಿ ರೊಕ್ಕ ಮುಟ್ಟಾಂವಲ್ರೀ" ಎಂದರು. ನಾನು ಆ ಹಣ ಮುಟ್ಟಲಿಲ್ಲ. ತಪ್ಪು ನನ್ನದು ಎಂದು ಹೇಳಿ ಬಿಲ್ ತೋರಿಸಿದೆ. ಆಕೆಗೆ ಬಿಲ್ ಓದಲು ಬರುತ್ತಿರಲಿಲ್ಲ. ಮಗನೇ ಓದಿ ಹೇಳಿದ. ಆಕೆ ಹಣವನ್ನು ಮತ್ತೆ ಗಂಟು ಕಟ್ಟಿಕೊಂಡು ಕೆಲಸಕ್ಕೆ ಹೋದರು. ನಾನೂ ಹುಡುಗನೂ ಅಂಗಡಿಗೆ ಹೋದೆವು.

ಕಂಪ್ಯೂಟರ್ ಬೋರ್ಡ್ ಓದುವುದಿಲ್ಲ

ಅಂಗಡಿಯ ಮಾಲೀಕರು ಜಗಳಕ್ಕೆ ಬರಲಿಲ್ಲ. ಬಿಲ್ ನೋಡಿ, "ಹೀಂಗ್ಯಾಕ ಆತು?" ಎಂದು ಅವರೇ ಆಶ್ಚರ್ಯಪಟ್ಟರು. ಕಂಪ್ಯೂಟರಿನಲ್ಲಿದ್ದ ಬೆಲೆಪಟ್ಟಿಯನ್ನು ತೆರೆದು ತೋರಿಸಿದರು. ಬಿಳಿ ಸೋಪಿಗೆ ಒಂದು ಸಂಖ್ಯೆ, ಹಸಿರು ಸೋಪಿಗೆ ಇನ್ನೊಂದು ಸಂಖ್ಯೆ. ಎರಡಕ್ಕೂ ಬೆಲೆ 32. ಬಿಳಿ ಸೋಪಿನ ಮುಂದೆ 'ಎರಡಕ್ಕೆ ಒಂದು ಉಚಿತ' ಎಂಬ ನಿಯಮ ಬರೆದಿತ್ತು. ಹಸಿರು ಸೋಪಿನ ಮುಂದೆ ಆ ಜಾಗ ಖಾಲಿ. ಹಸಿರು ಸೋಪು ಹತ್ತು ದಿನ ತಡವಾಗಿ ಅಂಗಡಿಗೆ ಬಂದಿತ್ತಂತೆ. ಅದರ ಬೆಲೆಯನ್ನು ಸೇರಿಸಿದವರು ನಿಯಮವನ್ನು ಸೇರಿಸಲು ಮರೆತಿದ್ದರು.

ಹುಡುಗ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದ. ಆಮೇಲೆ ಕೇಳಿದ: "ಹಂಗಾದ್ರ ಕಂಪ್ಯೂಟರ್ ಬೋರ್ಡ್ ಓದಂಗಿಲ್ಲೇನ್ರೀ?"

ವಿದ್ಯಾರ್ಥಿಗಳೇ, ಇದು ಬಹಳ ಒಳ್ಳೆಯ ಪ್ರಶ್ನೆ. ಬೋರ್ಡಿನಲ್ಲಿ 'ಯಾವುದೇ ಎರಡು ಸೋಪು' ಎಂದಿತ್ತು. ಅದನ್ನು ಓದಿದ್ದು ನಾನು, ನೀವು, ಹುಡುಗ. ಕಂಪ್ಯೂಟರ್ ಬೋರ್ಡನ್ನು ಓದುವುದಿಲ್ಲ. ಸೋಪಿನ ಬಣ್ಣ ನೋಡುವುದಿಲ್ಲ, ವಾಸನೆ ಮೂಸುವುದಿಲ್ಲ. ಅದಕ್ಕೆ ತಿಳಿಯುವುದು ಒಂದೇ, ಪೊಟ್ಟಣದ ಮೇಲಿನ ಸಂಖ್ಯೆ. ಆ ಸಂಖ್ಯೆಯನ್ನು ಅದು ಹೇಗೆ ಓದುತ್ತದೆ ಎಂದು ಈಗ ನೋಡೋಣ.

ಕಪ್ಪು ಗೆರೆಗಳ ಭಾಷೆ

ನಿಮ್ಮ ಮನೆಯಲ್ಲಿರುವ ಬಿಸ್ಕತ್ತು, ಸೋಪು ಅಥವಾ ಪೇಸ್ಟಿನ ಖಾಲಿ ಪೊಟ್ಟಣ ತೆಗೆದುಕೊಳ್ಳಿ. ಅದರ ಮೇಲೆ ಕಪ್ಪು ಬಿಳಿ ಗೆರೆಗಳ ಒಂದು ಚೌಕ ಇದೆಯಲ್ಲವೇ? ಇದೇ ಬಾರ್ ಕೋಡ್. ಗೆರೆಗಳ ಕೆಳಗೆ 13 ಅಂಕಿಗಳಿದ್ದರೆ ಕಪ್ಪು ಗೆರೆಗಳನ್ನು ಎಣಿಸಿ. ಸರಿಯಾಗಿ 30 ಬರುತ್ತವೆ. ಎರಡು ತುದಿಗಳಲ್ಲಿ ಮತ್ತು ನಡುವೆ ಎರಡೆರಡು ಗೆರೆಗಳು ತುಸು ಉದ್ದವಾಗಿರುವುದು ವಾಡಿಕೆ. ಅವು ಹೊಲದ ಬದುವಿನಂತೆ. 'ಇಲ್ಲಿಂದ ಶುರು, ಇದು ನಡು, ಇಲ್ಲಿಗೆ ಮುಗಿಯಿತು' ಎಂದು ಯಂತ್ರಕ್ಕೆ ತಿಳಿಸುತ್ತವೆ. ಉಳಿದ ಗೆರೆಗಳ ದಪ್ಪ ಮತ್ತು ಅವುಗಳ ನಡುವಿನ ಬಿಳಿ ಜಾಗದ ಅಗಲದಲ್ಲಿ ಅಂಕಿಗಳು ಅಡಗಿವೆ.

ಓದುವ ಯಂತ್ರಕ್ಕೆ ಸ್ಕ್ಯಾನರ್ ಎನ್ನುತ್ತಾರೆ. ಅದು ಗೆರೆಗಳ ಮೇಲೆ ಬೆಳಕು ಚೆಲ್ಲುತ್ತದೆ. ಅನೇಕ ಅಂಗಡಿಗಳ ಸ್ಕ್ಯಾನರಿನಲ್ಲಿ ಈ ಬೆಳಕು ಕೆಂಪಾಗಿರುತ್ತದೆ. ಕಪ್ಪು ಬಣ್ಣ ಬೆಳಕನ್ನು ಹೀರಿಕೊಳ್ಳುತ್ತದೆ, ಬಿಳಿ ಬಣ್ಣ ಹಿಂದಕ್ಕೆ ಕಳಿಸುತ್ತದೆ. ಮರಳಿ ಬಂದ ಬೆಳಕಿನ ಹೆಚ್ಚು ಕಡಿಮೆಯನ್ನು ಯಂತ್ರದೊಳಗಿನ ಬೆಳಕಿನ ಸಂವೇದಕ ವಿದ್ಯುತ್ತಿನ ಏರಿಳಿತವಾಗಿ ಬದಲಾಯಿಸುತ್ತದೆ. ಆ ಏರಿಳಿತವೇ ಅಂಕಿಗಳಾಗುತ್ತದೆ.

ಮಾಡಿ ನೋಡಿ: ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಿಂದ ನಾಲ್ಕು ಗೆರೆ, ಕೆಂಪು ಪೆನ್ನಿನಿಂದ ನಾಲ್ಕು ಗೆರೆ ಎಳೆಯಿರಿ. ಕೆಂಪು ಬಣ್ಣದ ಜಿಲೆಟಿನ್ ಕಾಗದದ ಮೂಲಕ ನೋಡಿ. ಕಪ್ಪು ಗೆರೆಗಳು ಕಾಣುತ್ತವೆ. ಕೆಂಪು ಗೆರೆಗಳು ಹೆಚ್ಚುಕಡಿಮೆ ಮಾಯವಾಗುತ್ತವೆ. ಕೆಂಪು ಬೆಳಕಿನಲ್ಲಿ ಬಿಳಿ ಹಾಳೆಯೂ ಕೆಂಪು, ಗೆರೆಯೂ ಕೆಂಪು. ಬಿಳಿ ಕಾಗದದ ಮೇಲೆ ಕೆಂಪು ಗೆರೆಯ ಬಾರ್ ಕೋಡನ್ನು ಏಕೆ ಅಚ್ಚು ಹಾಕುವುದಿಲ್ಲ ಎಂದು ಈಗ ನೀವೇ ಹೇಳಬಲ್ಲಿರಿ.

ಈ ಉಪಾಯ ಹೊಳೆದದ್ದು ಹೇಗೆ ಗೊತ್ತೇ? 1949ರಲ್ಲಿ ಅಮೆರಿಕದ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಎಂಬ ತರುಣ ಸಮುದ್ರ ತೀರದಲ್ಲಿ ಕುಳಿತಿದ್ದ. ತಂತಿ ಸಂದೇಶದ ಮೋರ್ಸ್ ಸಂಕೇತವನ್ನು ಅವನು ಸ್ಕೌಟ್ಸ್‌ನಲ್ಲಿ ಕಲಿತಿದ್ದ. ಅದರಲ್ಲಿ ಚುಕ್ಕಿ ಮತ್ತು ಅಡ್ಡಗೆರೆ ಮಾತ್ರ ಇರುತ್ತವೆ. ಯೋಚಿಸುತ್ತಾ ಬೆರಳುಗಳನ್ನು ಮರಳಿನಲ್ಲಿ ಎಳೆದಾಗ ಗೆರೆಗಳು ಮೂಡಿದವು. ಚುಕ್ಕಿಯ ಬದಲು ತೆಳು ಗೆರೆ, ಅಡ್ಡಗೆರೆಯ ಬದಲು ದಪ್ಪ ಗೆರೆ ಏಕಾಗಬಾರದು ಎನ್ನಿಸಿತು. ಅವನಿಗೂ ಅವನ ಗೆಳೆಯ ಬರ್ನಾರ್ಡ್ ಸಿಲ್ವರ್‌ಗೂ 1952ರಲ್ಲಿ ಪೇಟೆಂಟ್ ದೊರೆಯಿತು. ಆದರೆ ಅಗ್ಗದ ಕಂಪ್ಯೂಟರ್ ಇಲ್ಲದೆ, ಲೇಸರ್ ಬೆಳಕು ಇಲ್ಲದೆ ಅದು ಅಂಗಡಿಗೆ ಬರಲಾಗಲಿಲ್ಲ. 1974ರ ಜೂನ್ 26ರಂದು ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಮೊದಲ ಬಾರಿಗೆ ಒಂದು ಚೂಯಿಂಗ್ ಗಮ್ ಪೊಟ್ಟಣದ ಬಾರ್ ಕೋಡನ್ನು ಓದಿ ಬಿಲ್ ಮಾಡಿದರು. ಬೆಲೆ 67 ಸೆಂಟ್. ಮರಳಿನ ಗೆರೆ ಅಂಗಡಿಯ ಮೇಜಿಗೆ ಬರಲು 25 ವರ್ಷ ಹಿಡಿಯಿತು.

ತಾಳೆ ನೋಡುವ ಅಂಕಿ

ನಮ್ಮ ದೇಶದಲ್ಲಿ ನೋಂದಾಯಿಸಿದ ಸಂಖ್ಯೆಗಳು 890ರಿಂದ ಆರಂಭವಾಗುತ್ತವೆ. ಸಂಖ್ಯೆ ನೋಂದಾಯಿಸಿದ್ದು ಭಾರತದಲ್ಲಿ ಎಂದಷ್ಟೇ ಅದರ ಅರ್ಥ. ವಸ್ತು ಇಲ್ಲೇ ತಯಾರಾಗಿದೆ ಎಂದಲ್ಲ. ಕೊನೆಯ ಅಂಕಿ ತಾಳೆ ನೋಡುವ ಅಂಕಿ. ನಾನು ಲೆಕ್ಕಕ್ಕಾಗಿ ಕಲ್ಪಿಸಿದ ಈ ಸಂಖ್ಯೆಯನ್ನು ನೋಡಿ: 8901234005675.

ಕೊನೆಯ 5ನ್ನು ಬಿಟ್ಟು ಎಡದಿಂದ ಎಣಿಸಿ. 1, 3, 5, 7, 9, 11ನೇ ಸ್ಥಾನದ ಅಂಕಿಗಳನ್ನು ಕೂಡಿಸಿ: 8+0+2+4+0+6 = 20. ನಂತರ 2, 4, 6, 8, 10, 12ನೇ ಸ್ಥಾನದ ಅಂಕಿಗಳನ್ನು ಕೂಡಿಸಿ: 9+1+3+0+5+7 = 25. ಇದನ್ನು ಮೂರರಿಂದ ಗುಣಿಸಿ: 75. ಎರಡನ್ನೂ ಕೂಡಿಸಿದರೆ 95. ಮುಂದಿನ ಪೂರ್ಣ ಹತ್ತು 100. ಅದಕ್ಕೆ ಬೇಕಾದದ್ದು 5. ಅದೇ ಕೊನೆಯ ಅಂಕಿ! ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಾಗಿ ಓದಿದರೂ ಈ ಲೆಕ್ಕ ತಾಳೆಯಾಗುವುದಿಲ್ಲ. ಆಗ ಯಂತ್ರ 'ಪೀಂ' ಎನ್ನುವುದಿಲ್ಲ. ಅಂಗಡಿಯವರು ಪೊಟ್ಟಣವನ್ನು ಮತ್ತೆ ಮತ್ತೆ ತಿರುಗಿಸಿ ಹಿಡಿಯುವುದನ್ನು ನೀವು ನೋಡಿರಬಹುದು.

ನಿಮಗೊಂದು ಸವಾಲು. ಈ ಸಂಖ್ಯೆಯಲ್ಲಿ 1 ಮತ್ತು 2 ಅದಲು ಬದಲಾದರೆ ತಪ್ಪು ಸಿಕ್ಕಿಬೀಳುತ್ತದೆಯೇ? 9 ಮತ್ತು 10ನೇ ಸ್ಥಾನದ 0 ಮತ್ತು 5 ಅದಲು ಬದಲಾದರೆ? ಮಾಡಿ ನೋಡಿ. ಮೊದಲನೆಯದು ಸಿಕ್ಕಿಬೀಳುತ್ತದೆ, ಎರಡನೆಯದು ತಪ್ಪಿಸಿಕೊಳ್ಳುತ್ತದೆ. ಏಕೆ ಎಂದು ನಿಮ್ಮ ಗಣಿತದ ಶಿಕ್ಷಕರೊಂದಿಗೆ ಚರ್ಚಿಸಿ.

ಬೆಲೆ ಗೆರೆಯಲ್ಲಿಲ್ಲ

ಬಹಳ ಜನ ಬಾರ್ ಕೋಡಿನಲ್ಲಿ ಬೆಲೆ ಇದೆ ಎಂದು ತಿಳಿದಿದ್ದಾರೆ. ಕಾರ್ಖಾನೆಯಲ್ಲಿ ಅಚ್ಚಾಗಿ ಬರುವ ಬಾರ್ ಕೋಡಿನಲ್ಲಿ ಬೆಲೆ ಇರುವುದಿಲ್ಲ. ಯೋಚಿಸಿ. ಒಂದೇ ಪೊಟ್ಟಣವನ್ನು ಶಿಗ್ಗಾಂವಿಯ ಅಂಗಡಿ ಪೂರ್ತಿ ಬೆಲೆಗೆ ಮಾರಬಹುದು, ಹಿರೇಕೆರೂರಿನ ಅಂಗಡಿ ಎರಡು ರೂಪಾಯಿ ಕಡಿಮೆಗೆ ಮಾರಬಹುದು. ಗೆರೆಗಳು ಮಾತ್ರ ಒಂದೇ. ಗೆರೆ ಎಂದರೆ ಹಾಜರಿ ಸಂಖ್ಯೆ ಇದ್ದಂತೆ. ಗುರುಗಳು '17' ಎಂದರೆ ನೀವು 'ಹಾಜರ್' ಎನ್ನುತ್ತೀರಿ. ನಿಮ್ಮ ಅಂಕಗಳು ಆ 17ರಲ್ಲಿ ಇಲ್ಲ, ಗುರುಗಳ ಪುಸ್ತಕದಲ್ಲಿವೆ. ಹಾಗೆಯೇ ಬೆಲೆ ಅಂಗಡಿಯ ಕಂಪ್ಯೂಟರಿನ ಪಟ್ಟಿಯಲ್ಲಿದೆ. ಅಂಗಡಿಯಲ್ಲೇ ಬೇಳೆ, ತರಕಾರಿ ತೂಗಿ ಅಂಟಿಸುವ ಚೀಟಿ ಇದಕ್ಕೆ ಹೊರತು. ಸಾಮಾನ್ಯವಾಗಿ 2ರಿಂದ ಆರಂಭವಾಗುವ ಆ ಸಂಖ್ಯೆಯಲ್ಲಿ ತೂಕ ಅಥವಾ ಬೆಲೆಯನ್ನು ಸೇರಿಸಿರುತ್ತಾರೆ.

ಬೆಲೆ ಪಟ್ಟಿಯಲ್ಲಿರುವುದರಿಂದಲೇ ರಿಯಾಯಿತಿ ತಾನಾಗಿ ಬರುತ್ತದೆ. ಪೊಟ್ಟಣಗಳ ಮೇಲೆ ಹೊಸ ಚೀಟಿ ಅಂಟಿಸಬೇಕಾಗಿಲ್ಲ. ಪಟ್ಟಿಯಲ್ಲಿ ನಿಯಮವೊಂದನ್ನು ಬರೆದರೆ ಸಾಕು: ಯಾವ ಸಂಖ್ಯೆಗೆ, ಎಷ್ಟು ಕೊಂಡರೆ, ಯಾವ ದಿನದಿಂದ ಯಾವ ದಿನದವರೆಗೆ. ಪ್ರತಿ 'ಪೀಂ' ಆದಾಗಲೂ ಕಂಪ್ಯೂಟರ್ ಸಂಖ್ಯೆಯನ್ನು ಹುಡುಕಿ, ಬೆಲೆ ಕೂಡಿಸಿ, ನಿಯಮ ಇದೆಯೇ ಎಂದು ನೋಡುತ್ತದೆ. 'ಎರಡಕ್ಕೆ ಒಂದು ಉಚಿತ' ಎಂದರೆ ಅದು ಮಾಡುವುದು ನೀವು ಕಲಿತ ಭಾಗಾಕಾರವನ್ನೇ. ಏಳು ಸೋಪು ಕೊಂಡರೆ 7ನ್ನು 3ರಿಂದ ಭಾಗಿಸುತ್ತದೆ. ಭಾಗಲಬ್ಧ 2, ಶೇಷ 1. ಎರಡು ಸೋಪು ಉಚಿತ. 224 ರೂಪಾಯಿಯಲ್ಲಿ 64 ಕಳೆದು 160.

ನಮ್ಮ ಹುಡುಗನ ಬಿಲ್ಲಿನಲ್ಲಿ ಬಿಳಿ ಸೋಪು ಎರಡೇ ಇದ್ದವು. ಕಪಾಟಿನಲ್ಲಿ ಬಿಳಿ ಮುಗಿದಿದ್ದರಿಂದ ಅವನು ಒಂದು ಹಸಿರು ತೆಗೆದುಕೊಂಡಿದ್ದ. ಬಿಳಿಗೆ ಮೂರರ ಎಣಿಕೆ ತುಂಬಲಿಲ್ಲ, ಹಸಿರಿಗೆ ನಿಯಮವೇ ಇಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ಪೈಸೆಯೂ ತಪ್ಪಿರಲಿಲ್ಲ. ಅದಕ್ಕೆ ಕೊಟ್ಟ ಮಾಹಿತಿ ಅರ್ಧವಾಗಿತ್ತು.

ಮಾಲೀಕರು ಎರಡೂ ಸಂಖ್ಯೆಗಳನ್ನು ಒಂದೇ ಗುಂಪಿಗೆ ಸೇರಿಸಿದರು. "ತಗೋ, ಈಗ ನೀನ ಹಿಡಿ ನೋಡೂಣು" ಎಂದು ಸ್ಕ್ಯಾನರನ್ನು ಹುಡುಗನ ಕೈಗೇ ಕೊಟ್ಟರು. ಅಷ್ಟರಲ್ಲಿ ಕಪಾಟು ತುಂಬಿತ್ತು. ಬಿಳಿ, ಪೀಂ. ಬಿಳಿ, ಪೀಂ. ಹಸಿರು, ಪೀಂ. ಪರದೆಯ ಮೇಲೆ ಹೊಸ ಸಾಲು ಮೂಡಿತು, 32 ರೂಪಾಯಿ ಕಳೆಯಿತು. ಹುಡುಗ ಇನ್ನೊಮ್ಮೆ ಮಾಡಿ ನೋಡಿದ. ಮಾಲೀಕರು 32 ರೂಪಾಯಿ ಮರಳಿಸಿದರು. ಅವನು ಎಣಿಸಿ ನನ್ನ ಕೈಗೆ ಕೊಟ್ಟ. ನಂತರ ಬಿಲ್ಲನ್ನು ಕೇಳಿ ಪಡೆದು ತನ್ನ ಕಿಸೆಗೆ ಹಾಕಿಕೊಂಡ.

ಶಾಲೆಗೆ ಬಂದು ಅದೇ ಮೂವತ್ತು ಮಕ್ಕಳ ಮುಂದೆ ನಿಂತು, "ನಿನ್ನೆ ನಾನು ಇವನ ಮೇಲೆ ಸುಳ್ಳು ಅನುಮಾನಪಟ್ಟೆ, ತಪ್ಪಾಯಿತು" ಎಂದೆ. ಯಾರೂ ನಗಲಿಲ್ಲ. ಆಮೇಲೆ ಕಪ್ಪು ಹಲಗೆಯ ಮೇಲೆ ಆ ಬಿಲ್ ಬರೆದು ತಾಳೆ ಅಂಕಿಯ ಲೆಕ್ಕವನ್ನು ಎಲ್ಲರಿಗೂ ಹೇಳಿಕೊಟ್ಟದ್ದು ಆ ಹುಡುಗನೇ.

ನೀವು ಏನು ಮಾಡಬಹುದು?

ಅಂಗಡಿಯಿಂದ ಹೊರಡುವ ಮೊದಲು ಬಿಲ್ ಓದಿ. ವಸ್ತುಗಳ ಸಂಖ್ಯೆ, ಬೆಲೆ, ರಿಯಾಯಿತಿ, ಒಟ್ಟು, ಈ ನಾಲ್ಕನ್ನು ನೋಡಿ. ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಚಿಲ್ಲರೆ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ವ್ಯತ್ಯಾಸ ಕಂಡರೆ ಹೆದರದೆ ವಿನಯದಿಂದ ಕೇಳಿ. ಹೆಚ್ಚಿನ ಸಲ ಅದು ಮೋಸವಲ್ಲ, ಮರೆವು. ಅಲ್ಲಿಯೂ ಪರಿಹಾರ ಸಿಗದಿದ್ದರೆ ದೊಡ್ಡವರಿಂದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿಸಬಹುದು. ಡಿಸೆಂಬರ್ 24 ರಾಷ್ಟ್ರೀಯ ಗ್ರಾಹಕರ ದಿನ. ಅಂದು ಶಾಲೆಯಲ್ಲಿ ಹಳೆಯ ಬಿಲ್ಲುಗಳ ಪ್ರದರ್ಶನ ಮಾಡಿ.

ಇನ್ನೊಂದು ಮಾತು. ಎರಡಕ್ಕೆ ಒಂದು ಉಚಿತ ಎಂದರೆ ಮೂರನೇ ಒಂದು ಭಾಗ ಉಳಿತಾಯ, ನಿಜ. ಆದರೆ ನಿಮಗೆ ಬೇಕಾಗಿದ್ದದ್ದು ಒಂದೇ ಸೋಪಾದರೆ 32ರ ಬದಲು 64 ಖರ್ಚಾಯಿತು. ಇದನ್ನು ಕಂಪ್ಯೂಟರ್ ನಿಮಗೆ ಹೇಳುವುದಿಲ್ಲ.

ನಿಮ್ಮ ಶಾಲೆಯಲ್ಲಿ ಮಕ್ಕಳ ಸಂತೆ ಅಥವಾ ಮೆಟ್ರಿಕ್ ಮೇಳ ನಡೆಯುತ್ತದೆಯಲ್ಲವೇ? ಈ ಸಲ ಒಂದು ಅಂಗಡಿಯನ್ನು 'ಕಂಪ್ಯೂಟರ್ ಅಂಗಡಿ' ಮಾಡಿ. ಪ್ರತಿ ವಸ್ತುವಿಗೂ ಸಂಖ್ಯೆಯ ಚೀಟಿ ಅಂಟಿಸಿ, ಬೆಲೆ ಬರೆಯಬೇಡಿ. ಬೆಲೆ ಮತ್ತು ರಿಯಾಯಿತಿಯ ನಿಯಮ ಒಬ್ಬರ ಪಟ್ಟಿಯಲ್ಲಿ ಮಾತ್ರ ಇರಲಿ. ಅವರು ಪಟ್ಟಿಯಲ್ಲಿ ಬರೆದಷ್ಟನ್ನೇ ಮಾಡಬೇಕು, ಗೆಳೆಯನ ಮುಖ ನೋಡಿ ಕೊಸರು ಹಾಕುವಂತಿಲ್ಲ. ಪಕ್ಕದಲ್ಲೇ ಇನ್ನೊಂದು ಅಂಗಡಿ ಹಳೆಯ ಸಂತೆಯಂತೆ ನಡೆಯಲಿ. ಎರಡೂ ಕಡೆ ಏನೇನು ತಪ್ಪಾಯಿತು, ಯಾರಿಗೆ ಲಾಭವಾಯಿತು ಎಂದು ಬರೆದಿಡಿ. ನಾನು ನಿಮ್ಮ ಶಾಲೆಗೆ ಬಂದಾಗ ಆ ಪಟ್ಟಿಯನ್ನು ನನಗೆ ತೋರಿಸಿ. ಈ ಸಲ ಪೂರ್ತಿ ಓದುತ್ತೇನೆ.